ರುಕ್ಕತ್ತೆಯ ಸಕ್ಕರೆ ಅಚ್ಚು

ಹೋದ ಸಂಕ್ರಾಂತಿಗೆ ಇನ್ನೂ ಎರಡು ವಾರ ಇದ್ದಾಗ ನನ್ನ ತಂಗಿ ವಿಜಿ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಹಾಕಿದಳು. ಚಿಕ್ಕಬಳ್ಳಾಪುರದಲ್ಲಿ ಅವಳು ಕಟ್ಟಿಸಿದ ಹೊಸ ಮನೆಯ ಗೋಡೆ, ಗೋಡೆಯ ಮೇಲೆ ಗಾಜಿನ ಚೌಕಟ್ಟು, ಅದರೊಳಗೆ ಸಾಲಾಗಿ ನಾಲ್ಕು ಜೊತೆ ಮರದ ಅಚ್ಚುಗಳು: ಆನೆ, ಕಳಶ, ತುಳಸಿ ಬೃಂದಾವನ, ಗಿಳಿ. ಸಂಕ್ರಾಂತಿಗೆ ಸಕ್ಕರೆ ಪಾಕ ಹುಯ್ಯುವ ಅಚ್ಚುಗಳು. ಕೆಳಗೆ ಬರೆದಿದ್ದಳು, "ನಮ್ಮಮ್ಮನ ಕೈಯ ಸಕ್ಕರೆ ಅಚ್ಚು. ಆ ಸಿಹಿ ದಿನಗಳು ಮತ್ತೆ ಬರಲ್ಲ." ತಗೊಳ್ಳಿ, ಶುರುವಾಯಿತು. ಚಿಕ್ಕಪ್ಪನ ಮಕ್ಕಳು, ಸೋದರಮಾವನ ಮಕ್ಕಳು, ಅವರ ಸೊಸೆಯರು, ಎಲ್ಲರೂ ಕೈಮುಗಿಯುವ ಚಿತ್ರ, ಕಣ್ಣೀರಿನ ಚಿತ್ರ. ದೊಡ್ಡಮ್ಮನಂಥ ಪುಣ್ಯಾತ್ಗಿತ್ತಿ ಇಲ್ಲವಂತೆ. ಅಂಥ ಅಚ್ಚು ಈಗ ಅಂಗಡಿಯಲ್ಲಿ ಸಿಗುವುದಿಲ್ಲವಂತೆ. ನನಗೆ ಅಂಗಾಲಿನಿಂದ ನೆತ್ತಿಯವರೆಗೂ ಉರಿಯಿತು. ಸಿಹಿ ದಿನಗಳಂತೆ! ಚಿಂತಾಮಣಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟವಳು ನಾನು. ತಪ್ಪು ಲೆಕ್ಕಕ್ಕೆ ಕೆಂಪು ಗೆರೆ ಎಳೆಯದೆ ಬಿಟ್ಟವಳಲ್ಲ. ಈ ಒಂದು ತಪ್ಪನ್ನು ಮಾತ್ರ ಐವತ್ತು ವರ್ಷಕ್ಕೂ ಮೇಲೆ ಬಾಯಿ ಮುಚ್ಚಿಕೊಂಡು ನೋಡುತ್ತಾ ಬಂದೆ. ಯಾಕೆಂದರೆ ಅದರಲ್ಲಿ ನನ್ನ ಪಾಲೂ ಇತ್ತು.

ನಾವು ಬೆಳೆದದ್ದು ಶಿಡ್ಲಘಟ್ಟದ ಒಂದು ಉದ್ದನೆಯ ಹೆಂಚಿನ ಮನೆಯಲ್ಲಿ. ಎದುರು ಬೀದಿಯಲ್ಲಿ ರೇಷ್ಮೆ ಬಿಚ್ಚುವವರ ಮನೆಗಳಿದ್ದವು. ಗೂಡು ಬೇಯಿಸುವ ನೀರಿನ ವಾಸನೆ ನಮ್ಮ ಬಟ್ಟೆಯಲ್ಲಿ, ತಲೆದಿಂಬಿನಲ್ಲಿ, ಊಟದ ತಟ್ಟೆಯಲ್ಲಿ ಕೂಡ ಇರುತ್ತಿತ್ತು. ಹೊಸಬರು ಮೂಗು ಮುಚ್ಚಿಕೊಂಡರೆ ಮಾತ್ರ ನಮಗೆ ಅದು ನೆನಪಾಗುತ್ತಿತ್ತು. ಮುಂದಿನ ಪಡಸಾಲೆ ಅಪ್ಪನದು. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಮನೆಗೆ ಬಂದರೆ ಈಜಿಚೇರು, ಪೇಪರು, ಮೌನ. ನಡುಮನೆ ಅಮ್ಮನದು. ದೇವರ ಗೂಡು, ಬೀರು, ಬೀಗದ ಕೈಗೊಂಚಲು, ಯಾರು ಬಂದರೆ ಯಾವ ಲೋಟದಲ್ಲಿ ಕಾಫಿ ಅನ್ನುವ ತೀರ್ಮಾನ, ಎಲ್ಲವೂ ಅಲ್ಲಿಂದಲೇ. ಹಿಂದಿನ ಅಡುಗೆಮನೆ, ಹೊಗೆ ಹಿಡಿದ ಗೋಡೆ, ಅದರ ಪಕ್ಕದ ಕಿಟಕಿಯಿಲ್ಲದ ಉಗ್ರಾಣ, ಇಷ್ಟು ರುಕ್ಕತ್ತೆಯದು. ರುಕ್ಕತ್ತೆ ಅಪ್ಪನ ತಂಗಿ ರುಕ್ಮಿಣಿ. ಗೌರಿಬಿದನೂರಿಗೆ ಮದುವೆ ಮಾಡಿ ಕೊಟ್ಟಿದ್ದರು. ಒಂದೂವರೆ ವರ್ಷಕ್ಕೆ ಗಂಡ ಬಸ್ ಹತ್ತಿಸಿ ಕಳಿಸಿದ. ಕರೆಯಲು ಬರಲಿಲ್ಲ, ಕಾಗದ ಬರೆಯಲಿಲ್ಲ, ಇನ್ನೊಬ್ಬಳ ಜೊತೆ ಸಂಸಾರ ಹೂಡಿದ. ಅತ್ತೆ ತಂದದ್ದು ಒಂದು ಟ್ರಂಕು, ಅದರಲ್ಲಿ ನಾಲ್ಕು ಸೀರೆ, ಮತ್ತೆ ಈ ಮರದ ಅಚ್ಚುಗಳು. ಅವು ಅವಳಿಗೆ ಮದುವೆಯಲ್ಲಿ ಅವಳಮ್ಮ, ಅಂದರೆ ನಮ್ಮಜ್ಜಿ, ಕೊಟ್ಟವು. ಬೀದಿಯಲ್ಲಿ ಯಾರಾದರೂ ಕೇಳಿದರೆ ಅಮ್ಮ ಹೇಳುತ್ತಿದ್ದುದು ಒಂದೇ ಮಾತು.

"ನಮ್ಮ ರುಕ್ಕು ಹಬ್ಬಕ್ಕೆ ಬಂದಿದಾಳೆ ಕಣ್ರೀ."

ಎಂಟು ವರ್ಷದಿಂದ ಅದೇ ಹಬ್ಬ! ಯುಗಾದಿ ಹೋಯಿತು, ಗೌರಿ ಹೋಯಿತು, ದೀಪಾವಳಿ ಹೋಯಿತು, ಅತ್ತೆ ಇನ್ನೂ ಹಬ್ಬಕ್ಕೆ ಬಂದವಳೇ. ಹಬ್ಬಕ್ಕೆ ಬಂದವಳು ಬೆಳಗ್ಗೆ ಐದಕ್ಕೆದ್ದು ಒಲೆ ಹಚ್ಚುತ್ತಿದ್ದಳು, ರಾಗಿ ಬೀಸುತ್ತಿದ್ದಳು, ನಮ್ಮಿಬ್ಬರ ಹೇನು ತೆಗೆಯುತ್ತಿದ್ದಳು, ಮನೆಗೆ ಯಾರಾದರೂ ಬಂದರೆ ಉಗ್ರಾಣದೊಳಗೆ ಸರಿದು ನಿಲ್ಲುತ್ತಿದ್ದಳು. ಹಣೆಯಲ್ಲಿ ಕುಂಕುಮ ಇತ್ತು, ಕೈಯಲ್ಲಿ ಬಳೆ ಇತ್ತು. ಆದರೂ ಅರಿಶಿನ ಕುಂಕುಮದ ತಟ್ಟೆ ನಡುಮನೆಯ ಹೊಸಿಲು ದಾಟಿ ಅವಳವರೆಗೂ ಬಂದದ್ದನ್ನು ನಾನು ಕಾಣೆ.

ಪುಷ್ಯ ಮಾಸ ಬಂತೆಂದರೆ ಮಾತ್ರ ಆ ಹಿಂದಿನ ಅಡುಗೆಮನೆಗೆ ಮಹತ್ವ ಬರುತ್ತಿತ್ತು. ಸಕ್ಕರೆ ಅಚ್ಚು ಮಾಡುವುದು ಹುಡುಗಾಟವಲ್ಲ. ಮರದ ಅಚ್ಚುಗಳನ್ನು ಹಿಂದಿನ ದಿನವೇ ನೀರಿನ ಕೊಳಗಕ್ಕೆ ಹಾಕಿ ನೆನೆಸಬೇಕು. ಒಣ ಮರಕ್ಕೆ ಪಾಕ ಬಿದ್ದರೆ ಕಚ್ಚಿಕೊಂಡುಬಿಡುತ್ತದೆ, ಬಿಡಿಸಲು ಹೋದರೆ ಪುಡಿ. ಸಕ್ಕರೆಗೆ ನೀರು ಹಾಕಿ ಕುದಿಸಿ, ಒಂದು ಚಮಚ ಹಾಲು ಬಿಟ್ಟು, ಮೇಲೆ ಬರುವ ಕೊಳೆಯನ್ನೆಲ್ಲ ತೆಗೆದು, ಒದ್ದೆ ಬಟ್ಟೆಯಲ್ಲಿ ಸೋಸಬೇಕು. ಆಮೇಲೆ ಒಂದೊಂದೇ ಸೌಟು ಪಾಕವನ್ನು ಪುಟ್ಟ ಬಾಣಲೆಗೆ ಹಾಕಿಕೊಂಡು ಕೈಬಿಡದೆ ತಿರುವಬೇಕು. ಅಂಚು ಬೆಳ್ಳಗಾಗುವ ಆ ಒಂದು ಗಳಿಗೆಯಲ್ಲೇ ಹುಯ್ಯಬೇಕು. ಮುಂಚೆ ಹುಯ್ದರೆ ಗಟ್ಟಿಯಾಗದು, ತಡವಾದರೆ ಬಾಣಲೆಯಲ್ಲೇ ಕಲ್ಲು. ಅತ್ತೆ ಬಾಣಲೆಯನ್ನು ನೋಡುತ್ತಲೇ ಇರಲಿಲ್ಲ. ಸೌಟಿನ ಸದ್ದು ಕೇಳಿ ಹೇಳುತ್ತಿದ್ದಳು, "ಬಂತು ನೋಡು ಹದ." ಬಿಸಿ ಪಾಕ ಸಿಡಿದು ಅವಳ ಬಲಗೈ ಹೆಬ್ಬೆರಳಿಂದ ಮಣಿಕಟ್ಟಿನವರೆಗೆ ಬಿಳಿ ಬಿಳಿ ಕಲೆಗಳಾಗಿದ್ದವು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಕೈ ಒಬ್ಬರದು, ಬಾಯಿ ಇನ್ನೊಬ್ಬರದು.

ಅಚ್ಚುಗಳು ಆರಿದ ಮೇಲೆ ಅಮ್ಮ ಮೊರ ಹಿಡಿದುಕೊಂಡು ಬರುತ್ತಿದ್ದಳು. ಸೊಂಡಿಲು ಸರಿಯಾಗಿದ್ದ ಆನೆಗಳು ಹೆಡ್‌ಮೇಷ್ಟ್ರ ಮನೆ, ಡಾಕ್ಟರ ಮನೆ, ಅಮಲ್ದಾರರ ಮನೆಗೆ. ಮೂಗು ಮುರಿದವು ಬೀದಿಯ ಉಳಿದವರಿಗೆ. ಪೂರ್ತಿ ಮುರಿದದ್ದು ಕುಟ್ಟಿ ಎಳ್ಳಿನೊಳಕ್ಕೆ. ಸರಿ, ಬೇರೆಯವರ ಮನೆಯಿಂದ ಬಂದ ಅಚ್ಚನ್ನಾದರೂ ಮಕ್ಕಳು ತಿನ್ನಬಹುದೇ? ಇಲ್ಲ! ಅವನ್ನೂ ಅಮ್ಮ ತಿರುಗಿಸಿ ನೋಡಿ, ಚೆನ್ನಾಗಿದ್ದರೆ ಡಬ್ಬಿಗೆ ಹಾಕಿ, ಸಂಜೆ ಇನ್ನೊಂದು ಮನೆಯ ತಟ್ಟೆಗೆ ಇಡುತ್ತಿದ್ದಳು. ಎಲ್ಲರ ಮನೆಯಲ್ಲೂ ಇದೇ ಕಥೆ. ಊರೆಲ್ಲ ಸುತ್ತಿ ಸುತ್ತಿ ಒಂದು ಆನೆ ಮೂರನೆಯ ದಿನ ನಮ್ಮ ಮನೆಗೇ ವಾಪಸು ಬಂದದ್ದನ್ನು ನಾನೇ ಕಂಡಿದ್ದೇನೆ. ಈಗ ಗುಂಪಿನಲ್ಲಿ ಬಾಯಿ ಚಪ್ಪರಿಸುವವರು ಒಂದಾದರೂ ಇಡೀ ಅಚ್ಚನ್ನು ತಿಂದಿದ್ದರೇ, ಕೇಳಿ! ನಮಗೆ ಸಿಗುತ್ತಿದ್ದುದು ಬಾಣಲೆ ಕೆರೆದ ಪುಡಿ. ವರ್ಷಕ್ಕೊಂದು ಸಲ, ಎಲ್ಲ ಮುಗಿದ ಮೇಲೆ, ಉಳಿದ ಪಾಕದಲ್ಲಿ ಅತ್ತೆ ಒಂದು ಗಿಳಿ ಮಾಡಿ ಅದನ್ನು ಎರಡು ತುಂಡು ಮಾಡಿ ನನಗೂ ವಿಜಿಗೂ ಗುಟ್ಟಾಗಿ ಕೊಡುತ್ತಿದ್ದಳು. ನನಗೆ ಯಾವಾಗಲೂ ಬಾಲದ ಕಡೆ.

ನನಗೆ ಹತ್ತು ವರ್ಷ. ಆ ಸಂಕ್ರಾಂತಿಯ ಮಧ್ಯಾಹ್ನ ವಿಜಿಗೂ ನನಗೂ ರೇಷ್ಮೆ ಲಂಗ ಉಡಿಸಿ, ಎಳ್ಳು ಬೀರಲು ತಟ್ಟೆ ಜೋಡಿಸುತ್ತಿದ್ದರು. ಅತ್ತೆ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದಳು. ತಲೆ ಬಾಚಿ, ಟ್ರಂಕಿನಲ್ಲಿದ್ದ ಹಸಿರು ಸೀರೆ ಉಟ್ಟಿದ್ದಳು.

"ಅತ್ತಿಗೆ, ಈ ಸಲ ಮಕ್ಕಳ ಜೊತೆ ನಾನೂ ಹೋಗ್ಬರ್ತೀನಿ. ಮೇಷ್ಟ್ರ ಮನೆ ಒಂದಕ್ಕೇ. ಅಚ್ಚು ನೋಡಿ ಏನಂತಾರೋ ಕೇಳ್ಬೇಕು ಅಂತ ಆಸೆ."

"ನಿಂಗೇನು ತಲೆ ಕೆಟ್ಟಿದೆಯಾ ರುಕ್ಕು? ನಿನ್ನ ಯಜಮಾನ್ರು ಎಲ್ಲಮ್ಮ ಅಂತ ಕೇಳಿದ್ರೆ ಏನು ಹೇಳ್ತೀಯಾ? ನಾಳೆ ಈ ಹೆಣ್ಣು ಮಕ್ಕಳಿಗೆ ಗಂಡು ಹುಡುಕೋವಾಗ ಇದೇ ಮಾತು ಬರುತ್ತೆ."

"ನಾನೇನ್ ತಪ್ಪು ಮಾಡಿದೀನಿ ಅತ್ತಿಗೆ?"

"ತಪ್ಪು ಮಾಡಿದೀಯ ಅಂದ್ನಾ? ನಿಮ್ಮಣ್ಣನ್ನೇ ಕೇಳು ಹೋಗು."

ಅಪ್ಪ ಪಡಸಾಲೆಯಲ್ಲಿ ಪೇಪರಿನ ಪುಟ ತಿರುವಿದರು. ಅಷ್ಟೇ. ಆ ಪೇಪರು ಕಿತ್ತು ಒಲೆಗೆ ಹಾಕಬೇಕೆಂದು ನನಗೆ ಇವತ್ತಿಗೂ ಅನ್ನಿಸುತ್ತದೆ. ಅತ್ತೆ ಹಸಿರು ಸೀರೆ ಬಿಚ್ಚಿಟ್ಟು ಪಾತ್ರೆ ತೊಳೆಯಲು ಕೂತಳು. ನಾವು ಹೊರಡುವಾಗ ಅಮ್ಮ ನನ್ನ ಕಿವಿಯ ಹತ್ತಿರ ಬಗ್ಗಿದಳು.

"ಯಾರಾದ್ರೂ ಕೇಳಿದ್ರೆ ಅಚ್ಚು ಅಮ್ಮ ಮಾಡಿದ್ದು ಅನ್ನು. ತಿಳೀತಾ?"

ಹೆಡ್‌ಮೇಷ್ಟ್ರ ಹೆಂಡತಿ ಪದ್ಮಮ್ಮ ತೆಲುಗಿನವರು, ಬೆಳ್ಳಗೆ ದುಂಡಗೆ, ಬಾಯಿ ತುಂಬ ಮಾತು. ತಟ್ಟೆಯಿಂದ ಆನೆಯನ್ನೆತ್ತಿ ಬೆಳಕಿಗೆ ಹಿಡಿದರು.

"ಅಬ್ಬಬ್ಬ, ಎಂತ ಬಾಗುಂದಮ್ಮಾ! ಗಾಜಿನ ಹಂಗಿದೆ. ಯಾರೇ ಮಾಡಿದ್ದು ಇದನ್ನ? ನಿಜ ಹೇಳು."

ಅವರ ಇನ್ನೊಂದು ಕೈಯಲ್ಲಿ ಒಂದು ಕಳಶದ ಅಚ್ಚಿತ್ತು. ಬೆಂಗಳೂರಿನಿಂದ ತರಿಸಿದ್ದು, ಗುಲಾಬಿ ಬಣ್ಣ, ನನ್ನ ಅಂಗೈಯಷ್ಟು ದೊಡ್ಡದು. ಅದು ನನಗೇ ಅಂತ ನನಗೆ ಗೊತ್ತಾಗಿತ್ತು. ಅದನ್ನು ದಾರಿಯಲ್ಲೇ ತಿಂದುಬಿಟ್ಟರೆ ಅಮ್ಮನ ಡಬ್ಬಿಗೆ ಹೋಗುವುದಿಲ್ಲ ಅನ್ನುವ ಲೆಕ್ಕವನ್ನೂ ಹಾಕಿಯಾಗಿತ್ತು. ನಿಜ ಹೇಳಿದರೆ ಇನ್ನೂ ಮಾತು ಬೆಳೆಯುತ್ತದೆ, ಯಾವ ಅತ್ತೆ, ಎಲ್ಲಿಯ ಅತ್ತೆ ಎಂದೆಲ್ಲ ಕೇಳುತ್ತಾರೆ, ಕಳಶ ಅವರ ಕೈಯಲ್ಲೇ ಉಳಿಯುತ್ತದೆ.

"ಅಮ್ಮ ಮಾಡಿದ್ದು," ಅಂದೆ.

"ನಿಮ್ಮಮ್ಮನ ಕೈ ಬಂಗಾರ ಕಣಮ್ಮ. ತಗೋ. ಎಳ್ಳು ಬೆಲ್ಲ ತಿಂದು ಒಳ್ಳೇ ಮಾತಾಡು."

ನಾನು ಆಡಿದ ಒಳ್ಳೆಯ ಮಾತು ಅದು! ಬಸ್‌ಸ್ಟ್ಯಾಂಡಿನ ಹಿಂದೆ ನಿಂತು ಇಡೀ ಕಳಶ ತಿಂದೆ. ವಿಜಿಗೂ ಚೂರು ಕೊಡಲಿಲ್ಲ. ಮನೆಗೆ ಬಂದಾಗ ಅತ್ತೆ ಹಿತ್ತಲ ಬಾಗಿಲಲ್ಲೇ ಕಾಯುತ್ತಿದ್ದಳು.

"ಏನಂದ್ರೇ ಪದ್ಮಮ್ಮ?"

"ಚೆನ್ನಾಗಿದೆ ಅಂದ್ರು."

"ಅಷ್ಟೇನಾ? ಯಾರು ಮಾಡಿದ್ದು ಅಂತ ಕೇಳ್ಲಿಲ್ವಾ?"

"ಇಲ್ಲ ಅತ್ತೆ."

ನನ್ನ ಬಾಯಿಯ ಸುತ್ತ ಗುಲಾಬಿ ಬಣ್ಣ ಮೆತ್ತಿತ್ತು. ಅತ್ತೆ ಸೆರಗಿನಲ್ಲಿ ಅದನ್ನು ಒರೆಸಿದಳು.

ಮಾರನೆಯ ವರ್ಷ ಪದ್ಮಮ್ಮನವರ ಮಗಳ ಮದುವೆಯಾಗಿ ಮೊದಲನೆಯ ಸಂಕ್ರಾಂತಿ. ಹೊಸ ಮದುವಣಗಿತ್ತಿ ಊರಿಗೆಲ್ಲ ಎಳ್ಳು ಬೀರಬೇಕು, ಅದಕ್ಕೆ ರಾಶಿ ರಾಶಿ ಅಚ್ಚು ಬೇಕು. ಹಬ್ಬಕ್ಕೆ ಹದಿನೈದು ದಿನ ಮುಂಚೆ ಅವರು ಖುದ್ದಾಗಿ ನಮ್ಮ ಮನೆಗೆ ಬಂದು ನಡುಮನೆಯ ಚಾಪೆಯ ಮೇಲೆ ಕೂತು, ಅಮ್ಮನ ಹಣೆಗೆ ಕುಂಕುಮವಿಟ್ಟು, ಅಂಚಿನ ತುಂಬ ಜರಿಯಿದ್ದ ಒಂದು ನೇರಳೆ ಸೀರೆಯನ್ನು ಮಡಿಲಿಗೆ ಹಾಕಿದರು.

"ಅಚ್ಚು ಮಾಡಿದ ಕೈಗೆ ಇದು ಸಲ್ಲಬೇಕು. ಹೋದ ವರ್ಷ ನಿಮ್ಮ ಮಗಳೇ ಹೇಳಿದ್ಳಲ್ಲ, ನೀವೇ ಮಾಡೋದು ಅಂತ."

ಅಮ್ಮ ಸೀರೆಯನ್ನು ಕಣ್ಣಿಗೊತ್ತಿಕೊಂಡಳು. ಕಣ್ಣಿಗೊತ್ತಿಕೊಂಡಳು, ಮಹಾತಾಯಿ! ನಾನು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದೆ. ನನ್ನ ಬೆನ್ನ ಹಿಂದೆ ಅತ್ತೆ ತೊಗರಿಬೇಳೆ ಆರಿಸುತ್ತಿದ್ದಳು. ಮೊರದ ಸದ್ದು ನಿಂತುಹೋಯಿತು. ನಾನು ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮೊರ ಮತ್ತೆ ಶುರುವಾಯಿತು. ಅವತ್ತಿನಿಂದ ಅತ್ತೆ ಹನ್ನೆರಡು ದಿನ ಒಲೆಯ ಮುಂದೆ ಕೂತು ಪಾಕ ತಿರುವಿದಳು. ಎರಡು ಬೆರಳಿಗೆ ಬೊಬ್ಬೆ ಬಂದವು, ಬಟ್ಟೆ ಸುತ್ತಿಕೊಂಡು ತಿರುವಿದಳು. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಅಂತ ಗಾದೆ ಮಾಡಿದವರು ನಮ್ಮ ಮನೆಗೆ ಬಂದು ನೋಡಿಯೇ ಮಾಡಿರಬೇಕು.

ಭೋಗಿಯ ದಿನ ಬೆಳಗ್ಗೆ ಪದ್ಮಮ್ಮ ಅಚ್ಚು ಒಯ್ಯಲು ಬಂದರು. ಜೊತೆಗೆ ಅವರ ಬೀಗಿತ್ತಿ, ಅಂದರೆ ಮಗಳ ಅತ್ತೆ, ಮತ್ತು ಆ ಕಡೆಯ ಇಬ್ಬರು ಹೆಂಗಸರು. ಅಮ್ಮ ನೇರಳೆ ಸೀರೆಯನ್ನೇ ಉಟ್ಟಿದ್ದಳು. ಆನೆಗಳನ್ನು ಕಂಡು ಬೀಗಿತ್ತಿ ಬೆರಗಾದರು.

"ನಮ್ಮೂರಲ್ಲಿ ಯಾರಿಗೂ ಹಿಂಗೆ ಬರಲ್ಲಮ್ಮ. ಒಂದೇ ಒಂದು ನಮ್ಮೆದುರಿಗೆ ಮಾಡಿ ತೋರಿಸಿ. ಕಲ್ತ್ಕೊಂಡು ಹೋಗ್ತೀವಿ."

ಅಮ್ಮನ ಮುಖ ನೋಡಬೇಕಿತ್ತು. ಬೇಡ ಅನ್ನುವಂತಿಲ್ಲ. ಎಲ್ಲರೂ ಅಡುಗೆಮನೆಗೇ ನುಗ್ಗಿದರು. ಅತ್ತೆ ಉಗ್ರಾಣದ ಬಾಗಿಲಿಗೆ ಸರಿದು ನಿಂತಳು. ಅಮ್ಮ ಪಾಕ ಕಾಯಿಸಿದಳು, ಅಷ್ಟೋ ಇಷ್ಟೋ ತಿರುವಿದಳು, ಆಮೇಲೆ ಅಟ್ಟಣಿಗೆಯ ಮೇಲೆ ಒರೆಸಿ ಒಣಗಿಸಿಟ್ಟಿದ್ದ ಆನೆಯ ಅಚ್ಚನ್ನು ತೆಗೆದು ಹಾಗೇ ಹುಯ್ದುಬಿಟ್ಟಳು. ನೆನೆಸಬೇಕೆಂದು ಅವಳಿಗೆ ಗೊತ್ತೇ ಇರಲಿಲ್ಲ! ಅಷ್ಟು ವರ್ಷ ಹೊಗಳಿಸಿಕೊಂಡವಳು ಒಂದು ದಿನ ಕೂಡ ಆ ಕೊಳಗದೊಳಗೆ ಇಣುಕಿ ನೋಡಿರಲಿಲ್ಲ. ಬಿಡಿಸಲು ಹೋದಾಗ ಆನೆ ಬರಲಿಲ್ಲ. ಸಟ್ಟುಗದ ತುದಿಯಿಂದ ಮೀಟಿದಳು. ಸೊಂಡಿಲು ಒಂದು ಕಡೆ, ಹೊಟ್ಟೆ ಒಂದು ಕಡೆ, ಉಳಿದದ್ದು ಮರಕ್ಕೆ ಅಂಟಿಕೊಂಡು ಪುಡಿಯಾಯಿತು.

ಈಗ ಹೇಳುತ್ತಾಳೆ ಅತ್ತೆ, ಈಗ ಹೇಳೇ ಹೇಳುತ್ತಾಳೆ ಎಂದು ನಾನು ಲಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕಾದೆ. ಅವಳು ಹೇಳದಿದ್ದರೆ ನಾನಾದರೂ ಹೇಳಬೇಕಿತ್ತು. ಅತ್ತೆ ಮುಂದೆ ಬಂದಳು, ಅಮ್ಮನ ಕೈಯಿಂದ ಸೌಟು ತೆಗೆದುಕೊಂಡಳು.

"ಅತ್ತಿಗೆಗೆ ಎರಡು ದಿನದಿಂದ ಕೈನೋವು, ಅದಕ್ಕೇ ಹಿಂಗಾಯ್ತು. ಅವರು ಹೇಳ್ಕೊಟ್ಟ ಹಂಗೆ ನಾನು ಮಾಡ್ತೀನಿ, ನೋಡಿ."

ನಮಗೆ ಕೊಡುವ ಗಿಳಿಗೆಂದು ನೆನೆಹಾಕಿದ್ದ ಅಚ್ಚು ಕೊಳಗದಲ್ಲೇ ಇತ್ತು. ಅತ್ತೆ ಅತ್ತ ನೋಡದೆಯೇ ಕೈ ಹಾಕಿ ತೆಗೆದಳು, ಜೋಡಿಸಿ ದಾರ ಸುತ್ತಿದಳು, ಪಾಕ ತಿರುವಿದಳು, ಸದ್ದು ಕೇಳಿ ಹುಯ್ದಳು. ಗಿಳಿ ಕೊಕ್ಕು ಕೂಡ ಕೆಡದಂತೆ ಬಂತು. ಬೀಗರ ಕಡೆಯವರು ಚಪ್ಪಾಳೆ ತಟ್ಟಿ ಅಮ್ಮನಿಗೆ ಹೇಳಿದರು, "ಎಷ್ಟು ಚೆನ್ನಾಗಿ ಕಲಿಸಿದೀರಮ್ಮ ನಾದಿನಿಗೆ!" ಪದ್ಮಮ್ಮ ಮಾತ್ರ ಅತ್ತೆಯ ಬೆರಳಿನ ಬಟ್ಟೆ ಸುತ್ತನ್ನೇ ನೋಡುತ್ತಿದ್ದರು. ಆ ಗಿಳಿಯನ್ನೂ ಅಮ್ಮ ಅವರ ಬುಟ್ಟಿಗೇ ಹಾಕಿ ಕಳಿಸಿದಳು.

ಅವರು ಹೋದ ಮೇಲೆ ನಾನು ಅತ್ತೆಯ ಸೆರಗು ಹಿಡಿದು ಎಳೆದೆ. ಅಳುತ್ತಿದ್ದೆ, ಕೋಪದಲ್ಲಿ.

"ನೀನ್ಯಾಕೆ ಹೇಳ್ಲಿಲ್ಲ ಅತ್ತೆ? ನಾನೇ ಮಾಡಿದ್ದು ಅಂತ ಯಾಕೆ ಹೇಳ್ಲಿಲ್ಲ?"

"ಹೇಳ್ಬಿಟ್ಟು ಎಲ್ಲಿಗೆ ಹೋಗ್ಲಿ ಮಗಾ?"

ಅಷ್ಟೇ ಅಂದಳು. ನೀನ್ಯಾಕೆ ಹೇಳಲಿಲ್ಲ ಎಂದು ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು, ಬೈದಿದ್ದರೆ ಇನ್ನೂ ಚೆನ್ನಾಗಿತ್ತು. ಪಾತ್ರೆಯಲ್ಲಿ ಉಳಿದ ಪಾಕದಲ್ಲಿ ಇನ್ನೊಂದು ಗಿಳಿ ಮಾಡಿ, ತಲೆಯ ಕಡೆಯ ತುಂಡನ್ನು ನನ್ನ ಕೈಗಿಟ್ಟಳು. ತಿಂದೆ. ಅದೂ ಸಿಹಿಯಾಗಿಯೇ ಇತ್ತು, ಹಾಳಾದ್ದು.

ಅತ್ತೆ ಆ ಮನೆಯಲ್ಲೇ ಸತ್ತಳು, ಹಬ್ಬಕ್ಕೆ ಬಂದವಳಾಗಿಯೇ. ನಾನಾಗ ಕೆಲಸಕ್ಕೆ ಸೇರಿ ಚಿಂತಾಮಣಿಯಲ್ಲಿದ್ದೆ. ನನ್ನ ಜೊತೆ ಬಂದು ಇರು ಎಂದು ಕರೆಯಬೇಕು, ಕರೆಯಬೇಕು ಅಂದುಕೊಂಡೇ ವರ್ಷಗಳು ಹೋದವು. ಮುಂದೆ ಅಪ್ಪ ಹೋದರು, ಅಮ್ಮ ಹೋದಳು, ಅಚ್ಚುಗಳು ಅಮ್ಮನ ಬೀರುವಿನಿಂದ ವಿಜಿಯ ಗೋಡೆಗೆ ಬಂದವು. ಫೋಟೋ ಬಂದ ಮಾರನೆಯ ದಿನವೇ ನಾನು ಬಸ್ ಹತ್ತಿ ಚಿಕ್ಕಬಳ್ಳಾಪುರಕ್ಕೆ ಹೋದೆ. ಚಪ್ಪಲಿ ಬಿಡುವುದಕ್ಕೂ ಮುಂಚೆ ಹೇಳಿದೆ.

"ಅದನ್ನ ಇಳಿಸು."

"ಅಕ್ಕ, ಏನಾಗಿದೆ ನಿಂಗೆ? ಅಮ್ಮನ ನೆನಪಿಗೆ ಅಂತ ಫ್ರೇಮ್ ಹಾಕ್ಸಿದೀನಿ. ಇಂಟೀರಿಯರ್ ಹುಡುಗಿ ಎಷ್ಟು ಹುಡುಕಿ ಜಾಗ ಮಾಡಿದಾಳೆ ಗೊತ್ತಾ?"

"ಅದು ಅಮ್ಮಂದಲ್ಲ. ರುಕ್ಕತ್ತೇದು. ನಿಂಗೂ ಗೊತ್ತು."

"ಅಯ್ಯೋ, ಇಬ್ರೂ ಹೋಗಾಯ್ತಲ್ಲ, ಈಗ್ಯಾಕೆ ಅದೆಲ್ಲ ಕೆದಕ್ತೀಯ? ಒಳ್ಳೇದನ್ನ ಮಾತ್ರ ನೆನೆಸ್ಕೊಬಾರ್ದಾ?"

"ಒಳ್ಳೇದು ಅಂದ್ರೆ ಯಾವ್ದೇ? ಒಬ್ಬಳ ಕೈ ಸುಟ್ಟು ನಾವು ಚೀಪಿದ್ದಾ?"

ನಾನೇ ಸ್ಟೂಲು ಎಳೆದು ಹತ್ತಿದೆ. ಬಿದ್ದರೆ ಸೊಂಟ ಮುರಿಯುತ್ತೆ ಎಂದು ವಿಜಿ ಕೂಗಿಕೊಂಡಳು. ಮುರೀಲಿ ಅಂದೆ. ಚೌಕಟ್ಟು ಸಮೇತ ಕೆಳಗಿಳಿಸಿ, ಹಿಂದಿನ ಹಲಗೆ ಬಿಚ್ಚಿ, ನಾಲ್ಕು ಜೊತೆಯನ್ನೂ ಬಟ್ಟೆ ಚೀಲಕ್ಕೆ ಹಾಕಿಕೊಂಡೆ. ವಿಜಿ ಅಳುತ್ತಾ ಕಾಫಿ ಮಾಡಿಕೊಟ್ಟಳು. ನಾನು ಕುಡಿಯದೆ ಬಂದೆ.

ಭೋಗಿಯ ದಿನ ಅಚ್ಚುಗಳನ್ನು ನೆನೆಹಾಕಿದೆ. ಸಂಕ್ರಾಂತಿಯ ಬೆಳಗ್ಗೆ ಪಾಕ ತಿರುವಿದೆ. ಮೊದಲನೆಯದು ಗಟ್ಟಿಯಾಗಲಿಲ್ಲ, ಎರಡನೆಯದು ಬಾಣಲೆಯಲ್ಲೇ ಕಲ್ಲಾಯಿತು, ಮೂರನೆಯದಕ್ಕೆ ಮಣಿಕಟ್ಟಿನ ಮೇಲೆ ಸಿಡಿಯಿತು. ಐದನೆಯ ಸಲ ಒಂದು ಗಿಳಿ ಸರಿಯಾಗಿ ಬಂತು. ಅದೊಂದನ್ನೇ ಎಳ್ಳಿನ ಜೊತೆ ಡಬ್ಬಿಯಲ್ಲಿಟ್ಟುಕೊಂಡು ಶಿಡ್ಲಘಟ್ಟದ ಬಸ್ ಹತ್ತಿದೆ. ಪದ್ಮಮ್ಮ ಇನ್ನೂ ಇದ್ದಾರೆ. ತೊಂಬತ್ತು ದಾಟಿದೆ, ಕಿವಿ ಚುರುಕು, ನೆನಪು ಅದಕ್ಕಿಂತ ಚುರುಕು. ಅದೇ ಮನೆಯ ವರಾಂಡದಲ್ಲಿ ಕುರ್ಚಿಯ ಮೇಲೆ ಕೂತಿದ್ದರು. ಅವರ ಸೊಸೆ ತಂದಿಟ್ಟ ಸಿಹಿಯನ್ನು ನನಗೆ ಶುಗರ್ ಇದೆ ಎಂದು ಬೇಡ ಅಂದೆ. ತಟ್ಟೆಯಲ್ಲಿ ಎಳ್ಳಿಟ್ಟು, ಮೇಲೆ ಗಿಳಿಯನ್ನಿಟ್ಟು ಕೊಟ್ಟೆ. ಅವರು ಅದನ್ನೆತ್ತಿ ಬೆಳಕಿಗೆ ಹಿಡಿದು ನೋಡಿ ತಟ್ಟೆಗೆ ಇಟ್ಟುಕೊಂಡರು.

"ಅಮ್ಮಾ, ಐವತ್ತು ವರ್ಷದ ಹಿಂದೆ ನಾನು ನಿಮಗೊಂದು ಸುಳ್ಳು ಹೇಳಿದ್ದೆ. ಆ ಅಚ್ಚು ನಮ್ಮಮ್ಮ ಮಾಡಿದ್ದಲ್ಲ. ರುಕ್ಕತ್ತೆ ಮಾಡಿದ್ದು. ಆ ಸೀರೆ ಅವಳಿಗೆ ಸೇರ್ಬೇಕಾಗಿತ್ತು."

ಪದ್ಮಮ್ಮ ಬೊಚ್ಚುಬಾಯಲ್ಲಿ ನಕ್ಕರು.

"ಅದು ನಂಗೊತ್ತಿತ್ತು ಕಣಮ್ಮ. ನಿಮ್ಮತ್ತೆ ನೀರಿನ ಕೊಳಗಕ್ಕೆ ನೋಡ್ದೇನೇ ಕೈ ಹಾಕಿದ್ಳಲ್ಲ, ಅವತ್ತೇ ಗೊತ್ತಾಯ್ತು. ಬೀಗಿತ್ತಿಗೂ ಗೊತ್ತಾಯ್ತು. ಬೀದೀಲಿ ಯಾರಿಗೆ ಗೊತ್ತಿರ್ಲಿಲ್ಲ ಹೇಳು?"

"ಗೊತ್ತಿದ್ದೂ ಸುಮ್ನಿದ್ರಾ? ಒಂದು ಕುಂಕುಮ ಕೂಡ ಇಡ್ಲಿಲ್ವಲ್ಲ ಅವಳಿಗೆ?"

"ಏನು ಮಾಡೋದು? ಸೀರೆ ಕೊಟ್ಟಾಗಿತ್ತಲ್ಲ. ನಿಮ್ಮಮ್ಮನ ಮರ್ಯಾದೆ ಪ್ರಶ್ನೆ. ಹೋಗ್ಲಿ ಬಿಡು, ಹಳೇ ಮಾತು. ಹಬ್ಬದ ದಿನ. ಎಳ್ಳು ಬೆಲ್ಲ ತಿಂದು ಒಳ್ಳೇ ಮಾತಾಡು."

ಬೀರಿದ ಎಳ್ಳನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ನಮ್ಮ ಕಡೆ ಅಂಥದ್ದನ್ನು ಯಾರೂ ಮಾಡಿದ್ದೂ ಇಲ್ಲ, ಕೇಳಿದ್ದೂ ಇಲ್ಲ. ನಾನು ಅವರ ತಟ್ಟೆಗೆ ಕೈ ಹಾಕಿ ಆ ಗಿಳಿಯನ್ನು ಎತ್ತಿಕೊಂಡೆ. ಪದ್ಮಮ್ಮ ಹಾಂ ಹಾಂ ಅಂದರು. ಅವರ ಸೊಸೆ ಒಳಗಿಂದ ಓಡಿಬಂದಳು, "ಆಂಟೀ, ನಿಮಗೆ ಶುಗರ್ ಇದೆ ಅಂದಿದ್ರಲ್ಲಾ!" ನಾನು ಅವರಿಬ್ಬರ ಎದುರಿಗೆ ನಿಂತುಕೊಂಡೇ ಗಿಳಿಯ ತಲೆಯನ್ನು ಕಟಕ್ಕನೆ ಕಚ್ಚಿದೆ, ಆಮೇಲೆ ಹೊಟ್ಟೆ, ಆಮೇಲೆ ಬಾಲ. ಒಂದು ಚೂರನ್ನೂ ಆ ಮನೆಯಲ್ಲಿ ಬಿಡಲಿಲ್ಲ.